ಸ್ಕ್ಯಾನ್, ಸ್ಯಾಟಲೈಟ್, ಬೋರ್‌ವೆಲ್ ಪಾಯಿಂಟ್, ಮಳೆ ಮುನ್ಸೂಚನೆ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕೀರ್ಣ ವ್ಯವಸ್ಥೆ ಅಂತಾರಲ್ಲ, ಅಂದರೆ ತುಂಬಾ ಭಾಗಗಳಿರುವ ದೊಡ್ಡ ಯಂತ್ರ ಅಂತಲಾ?

ಅಲ್ಲ. ವಿಮಾನದ ಎಂಜಿನ್‌ನಲ್ಲಿ ಸಾವಿರಾರು ಭಾಗಗಳಿರುತ್ತವೆ. ಆದರೆ ಯಾವುದು ಏನು ಮಾಡುತ್ತದೆ ಅಂತ ಬರೆದಿಟ್ಟಿರುತ್ತಾರೆ, ಬಿಚ್ಚಿ ಮತ್ತೆ ಜೋಡಿಸಬಹುದು. ಕಾಫಿ ತೋಟವನ್ನು ಹಾಗೆ ಬಿಚ್ಚಿ ಜೋಡಿಸೋಕೆ ಆಗುವುದಿಲ್ಲ. ಹೂಮಳೆ ಸರಿಯಾಗಿ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂವಿನ ನಂತರದ ಎರಡನೇ ಮಳೆ, ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ನೆರಳು ಜಾಸ್ತಿ ಬಿಟ್ಟರೆ ಇಳುವರಿ ಕಡಿಮೆ, ನೆರಳು ಕಡಿದು ಬಿಸಿಲು ಬಿಟ್ಟರೆ ಅರೇಬಿಕಾಗೆ ಕಾಂಡಕೊರಕದ ಕಾಟ. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಅಲುಗಾಡುತ್ತದೆ, ಅದು ತಿರುಗಿ ಮೊದಲನೆಯದನ್ನೇ ಬದಲಿಸುತ್ತದೆ. ಭಾಗಗಳು ಎಷ್ಟಿವೆ ಅನ್ನುವುದಕ್ಕಿಂತ ಅವು ಒಂದಕ್ಕೊಂದು ಹೇಗೆ ಕೈ ಹಾಕುತ್ತವೆ ಅನ್ನುವುದೇ ಇಲ್ಲಿ ಮುಖ್ಯ.

ವಾತಾವರಣ, ಮೆದುಳು, ಕಾಡು, ಬೆಟ್ಟದ ಇಳಿಜಾರಿನ ಮಣ್ಣು, ಒಂದು ಜೀವಕೋಶ, ಎಲ್ಲವೂ ಈ ಜಾತಿಗೇ ಸೇರಿದವು. 2021ರ ಭೌತಶಾಸ್ತ್ರದ ನೊಬೆಲ್ ಕೊಟ್ಟಿದ್ದು ಇಂಥ ವ್ಯವಸ್ಥೆಗಳ ಅಧ್ಯಯನಕ್ಕೇ. ಅರ್ಧ ಬಹುಮಾನ ಭೂಮಿಯ ಹವಾಮಾನದ ಮಾಡೆಲ್ ಕಟ್ಟಿದ ಮನಾಬೆ ಮತ್ತು ಹಾಸೆಲ್‌ಮನ್ ಅವರಿಗೆ, ಇನ್ನರ್ಧ ಪರಿಸಿ ಅವರಿಗೆ.

ಮಾಡೆಲ್ ಅಂದರೆ ಏನು? ಕಂಪ್ಯೂಟರ್ ಪ್ರೋಗ್ರಾಂ ತಾನೇ?

ಪ್ರೋಗ್ರಾಂ ಆಮೇಲೆ ಬರುತ್ತದೆ. ಮೊದಲು ಬರುವುದು ಒಂದು ಊಹೆ, ಗಣಿತದಲ್ಲಿ ಬರೆದ ಊಹೆ: ಇದು ಹೆಚ್ಚಾದರೆ ಅದು ಇಷ್ಟು ಹೆಚ್ಚುತ್ತದೆ, ಇದು ನಿಂತರೆ ಅದು ಇಷ್ಟು ಹೊತ್ತಲ್ಲಿ ಇಳಿಯುತ್ತದೆ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ಮಾಡೆಲ್ ಕಟ್ಟುವವರು ತೀರ್ಮಾನಿಸುತ್ತಾರೆ. ಬಿಟ್ಟದ್ದು ಏನು ಅಂತ ಕೇಳದೆ ಯಾವ ಮಾಡೆಲ್ಲನ್ನೂ ಒಪ್ಪಬೇಡಿ.

ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣುವುದು ದೇಹದ ಒಳಗಿನ ಫೋಟೋ ಅಲ್ವಾ?

ಇಲ್ಲ, ಫೋಟೋ ಅಲ್ಲವೇ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದು ಅರ್ಥವಾದರೆ ಮುಂದಿನ ಎಲ್ಲ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಿದ ಹಾಗೆ.

ಸಿ.ಟಿ. ಯಂತ್ರ ದೇಹದ ಒಳಗೆ ಇಣುಕುವುದಿಲ್ಲ. ಒಂದು ಕಡೆಯಿಂದ ಎಕ್ಸ್‌ರೇ ಬಿಡುತ್ತದೆ, ಇನ್ನೊಂದು ಕಡೆ ಎಷ್ಟು ಉಳಿದು ಬಂತು ಅಂತ ಅಳೆಯುತ್ತದೆ. ಅಂದರೆ ಅದಕ್ಕೆ ಸಿಗುವುದು ದಾರಿಯುದ್ದಕ್ಕೂ ಎಷ್ಟು ನಷ್ಟವಾಯಿತು ಅನ್ನುವ ಒಟ್ಟು ಮೊತ್ತ ಮಾತ್ರ. ಒಳಗೆ ಎಲ್ಲಿ ಏನಿದೆ ಅನ್ನುವುದನ್ನು ಮೊತ್ತಗಳಿಂದ ಲೆಕ್ಕ ಹಾಕಿ ತೆಗೆಯಬೇಕು.

ಪೆನ್ನು ಕಾಗದ ತೆಗೆದುಕೊಳ್ಳಿ. ನಾಲ್ಕು ಮನೆಗಳ ಒಂದು ಚೌಕ ಬರೆಯಿರಿ. ಒಳಗಿನ ಸಂಖ್ಯೆಗಳು ಗೊತ್ತಿಲ್ಲ. ಮೇಲಿನ ಸಾಲಿನ ಮೊತ್ತ 7, ಕೆಳಗಿನದು 3. ಎಡ ಕಂಬದ ಮೊತ್ತ 6, ಬಲದ್ದು 4. ಈಗ ಒಳಗೆ ಏನಿದೆ? ಮೇಲೆ 5 ಮತ್ತು 2, ಕೆಳಗೆ 1 ಮತ್ತು 2 ಹಾಕಿ ನೋಡಿ, ಸರಿಹೋಗುತ್ತದೆ. ಮೇಲೆ 4 ಮತ್ತು 3, ಕೆಳಗೆ 2 ಮತ್ತು 1 ಹಾಕಿ, ಅದೂ ಸರಿಹೋಗುತ್ತದೆ! ಎರಡು ಬೇರೆ ಬೇರೆ ದೇಹ, ಅಳತೆ ಮಾತ್ರ ಒಂದೇ. ಈಗ ಓರೆಯಾಗಿ ಇನ್ನೊಂದು ಅಳತೆ ತೆಗೆದುಕೊಳ್ಳೋಣ: ಮೇಲಿನ ಎಡ ಮನೆ ಮತ್ತು ಕೆಳಗಿನ ಬಲ ಮನೆ ಸೇರಿ 7. ಎರಡನೆಯ ಉತ್ತರದಲ್ಲಿ ಅದು 5 ಆಗುತ್ತದೆ, ಹಾಗಾಗಿ ಅದು ಬಿದ್ದುಹೋಯಿತು. ಮೊದಲನೆಯದೊಂದೇ ಉಳಿಯಿತು. ಸಿ.ಟಿ. ಯಂತ್ರ ನಿಮ್ಮ ಸುತ್ತ ಗಿರಗಿರ ತಿರುಗುವುದು ಇದಕ್ಕೇ. ಎಷ್ಟು ಬೇರೆ ಬೇರೆ ಕೋನದಿಂದ ಅಳೆದರೆ ಅಷ್ಟು ತಪ್ಪು ಉತ್ತರಗಳು ಜಾರಿಹೋಗುತ್ತವೆ.

ಇನ್ನೂ ಒಂದು ಮಾತು. ಓರೆ ಅಳತೆ 7ರ ಬದಲು ಸ್ವಲ್ಪ ತಪ್ಪಾಗಿ 7.4 ಬಂತು ಅಂದುಕೊಳ್ಳಿ. ಆಗ ಮೇಲಿನ ಎಡ ಮನೆ 5.2 ಆಗುತ್ತದೆ, ಅದರ ಜೊತೆ ಉಳಿದ ಮೂರು ಮನೆಗಳೂ ಬದಲಾಗುತ್ತವೆ. ಒಂದು ಅಳತೆಯ ತಪ್ಪು ಇಡೀ ಚಿತ್ರಕ್ಕೆ ಹರಡಿತು, ನೋಡಿ. ನಿಜವಾದ ಸ್ಕ್ಯಾನ್‌ನಲ್ಲಿ ಮನೆಗಳು ಲಕ್ಷಗಟ್ಟಲೆ.

ಈ ಲೆಕ್ಕದ ಗಣಿತವನ್ನು ಯೋಹಾನ್ ರಾಡೋನ್ 1917ರಲ್ಲೇ ಬರೆದಿಟ್ಟಿದ್ದರು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಲಂಡನ್ನಿನ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದ್ದು 1971ರ ಅಕ್ಟೋಬರ್ 1ರಂದು. ಆ ಚಿತ್ರ 80 ಸಾಲು, 80 ಕಂಬದ್ದು, ಅಷ್ಟೇ. ಅದೇ 1971ರಲ್ಲಿ ನಮ್ಮ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಈ ಲೆಕ್ಕವನ್ನು ಬಹಳ ಸಲೀಸಾಗಿ ಮಾಡುವ ಒಂದು ದಾರಿ ತೋರಿಸಿದರು. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರು. ಇಬ್ಬರ ಹೆಸರಿನಿಂದ ಬಂದ ರಾಮ್-ಲ್ಯಾಕ್ ಫಿಲ್ಟರ್ ಈಗಲೂ ಇಮೇಜಿಂಗ್ ಓದುವ ಪ್ರತಿ ವಿದ್ಯಾರ್ಥಿಯ ಪಠ್ಯದಲ್ಲಿದೆ. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಹೋಯಿತು. ರಾಮಚಂದ್ರನ್ ಹೆಸರನ್ನು ನಮ್ಮ ಮಕ್ಕಳಿಗೆ ನಾವಾದರೂ ಹೇಳಬೇಕು.

ಹಾಗಾದರೆ ಸ್ಕ್ಯಾನ್ ರಿಪೋರ್ಟ್ ನಂಬಬಾರದಾ?

ನಂಬಿ. ಆದರೆ ಯಾವ ಸ್ಕ್ಯಾನ್ ಏನನ್ನು ನೋಡಬಲ್ಲದು ಅಂತ ತಿಳಿದು ನಂಬಿ. ಸಿ.ಟಿ. ಲೆಕ್ಕ ಹಾಕುವಾಗ ರೋಗಿ ಅಲುಗಾಡಲಿಲ್ಲ, ಎಕ್ಸ್‌ರೇ ನೆಟ್ಟಗೆ ಹಾದುಹೋಯಿತು ಅಂತ ಊಹಿಸಿಕೊಂಡಿರುತ್ತದೆ. ಹಲ್ಲಿಗೆ ಲೋಹ ತುಂಬಿಸಿದ್ದರೆ, ಸೊಂಟಕ್ಕೆ ರಾಡ್ ಹಾಕಿದ್ದರೆ ಆ ಊಹೆ ಮುರಿಯುತ್ತದೆ, ಚಿತ್ರದಲ್ಲಿ ಬಿಳಿ ಕಪ್ಪು ಗೆರೆಗಳು ಚಾಚಿಕೊಳ್ಳುತ್ತವೆ. ದೇಹದಲ್ಲಿ ಆ ಗೆರೆ ಇಲ್ಲ. ಅದಕ್ಕೇ ರೇಡಿಯಾಲಜಿ ಓದಿದ ಡಾಕ್ಟರೇ ಬೇಕು.

ಎಂ.ಆರ್.ಐ. ಲೆಕ್ಕ ಬೇರೆ. ಅದರಲ್ಲಿ ಎಕ್ಸ್‌ರೇ ಇಲ್ಲ. ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ನನ್ನು ಕಾಂತದಲ್ಲಿಟ್ಟು ರೇಡಿಯೊ ಅಲೆಯಿಂದ ತಟ್ಟಿ, ಅದು ವಾಪಸ್ ಕೊಡುವ ಸದ್ದನ್ನು ಕೇಳಿಸಿಕೊಳ್ಳುತ್ತದೆ. 1.5 ಟೆಸ್ಲಾ (ಟೆಸ್ಲಾ ಅಂದರೆ ಕಾಂತದ ಬಲದ ಅಳತೆ) ಯಂತ್ರದಲ್ಲಿ ಆ ಸದ್ದು ಸುಮಾರು 64 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಎಫ್‌ಎಂ ರೇಡಿಯೊಗಿಂತ ಸ್ವಲ್ಪ ಕೆಳಗೆ. ಮೆದುಳು, ಬೆನ್ನುಹುರಿ, ಮಂಡಿಯ ಒಳಗಿನ ಲಿಗಮೆಂಟ್ ನೋಡೋಕೆ ಇದು ಒಳ್ಳೆಯದು. ಅಪಘಾತವಾಗಿ ತುರ್ತಾಗಿ ಬಂದವರ ತಲೆಯಲ್ಲಿ ರಕ್ತಸ್ರಾವ ಇದೆಯಾ ಅಂತ ನೋಡಲು ಸಿ.ಟಿ.ಯೇ ಬೇಗ.

ರೇಡಿಯೇಶನ್ ಭಯ ಇದ್ದವರಿಗೆ: ಎದೆಯ ಒಂದು ಎಕ್ಸ್‌ರೇ ಸುಮಾರು 0.1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ರೇಡಿಯೇಶನ್ ಅಳೆಯುವ ಮಾನ), ಹೊಟ್ಟೆಯ ಸಿ.ಟಿ. 8ರಿಂದ 10ರ ಆಸುಪಾಸು, ಪ್ರಪಂಚದಲ್ಲಿ ಒಬ್ಬ ಮನುಷ್ಯನಿಗೆ ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ತಾನಾಗೇ ಸಿಗುವುದು ಸರಾಸರಿ 2.4. ಬೇಕಾದ ಸ್ಕ್ಯಾನ್‌ಗೆ ಹೆದರಬೇಡಿ. ಬೇಡದ್ದನ್ನು ಸುಮ್ನೆ ಮಾಡಿಸಬೇಡಿ.

ಬೋರ್‌ವೆಲ್ ಪಾಯಿಂಟ್ ನೋಡೋಕೆ ಮೆಷಿನ್ ತಂದು ನಾಲ್ಕು ಗೂಟ ಹೊಡೀತಾರೆ. ಅದು ನಿಜವಾಗಿ ನೀರು ತೋರಿಸುತ್ತಾ?

ಅರಸೀಕೆರೆ, ಕಡೂರು ಕಡೆಯಿಂದ ಬರುವ ಮೊದಲ ಪ್ರಶ್ನೆ ಇದೇ. ಸಾಲ ಮಾಡಿ ಕೊರೆಸುವವರು ಕೇಳುವ ಪ್ರಶ್ನೆ ಇದು, ಹಾಗಾಗಿ ಗಂಭೀರವಾಗಿ ಉತ್ತರ ಕೊಡಬೇಕು.

ಆ ಮೆಷಿನ್‌ಗೆ ನೀರು ಗೊತ್ತಿಲ್ಲ. ಅದು ಅಳೆಯುವುದು ಕರೆಂಟ್ ಹರಿಯಲು ನೆಲ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವುದನ್ನು. ಒಂದೇ ಸಾಲಿನಲ್ಲಿ ನಾಲ್ಕು ಸ್ಟೀಲ್ ಗೂಟ. ಹೊರಗಿನ ಎರಡರಿಂದ ಕರೆಂಟ್ ಬಿಡುತ್ತಾರೆ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಗೂಟಗಳ ನಡುವೆ ಸಮ ಅಂತರ ಇಟ್ಟಿದ್ದರೆ ಲೆಕ್ಕ ಸುಲಭ: 2 ಗುಣಿಸು 3.14 ಗುಣಿಸು ಅಂತರ ಗುಣಿಸು ರೆಸಿಸ್ಟೆನ್ಸ್ (ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದ್ದು). ಅಂತರ 20 ಮೀಟರ್, ಮೆಷಿನ್‌ನಲ್ಲಿ 1.2 ಓಮ್ ಬಂತು ಅಂದರೆ ಸುಮಾರು 150 ಓಮ್-ಮೀಟರ್. ಒಡೆಯದ ಗಟ್ಟಿ ಕಲ್ಲಾದರೆ ಸಾವಿರಗಟ್ಟಲೆ ಬರುತ್ತದೆ. ಶಿಥಿಲವಾಗಿ ನೀರು ಕುಡಿದ ಕಲ್ಲಾದರೆ ಕೆಲವು ಹತ್ತರಿಂದ ಇನ್ನೂರರ ಆಸುಪಾಸು. ಹಾಗಾಗಿ 150 ಒಳ್ಳೆಯ ಸೂಚನೆ.

ಆದರೆ ಜೇಡಿಮಣ್ಣು ಕೂಡ ಕಡಿಮೆ ಸಂಖ್ಯೆ ಕೊಡುತ್ತದೆ, ಅದರೊಳಗೆ ಬೋರ್‌ವೆಲ್‌ಗೆ ಬರುವಷ್ಟು ನೀರು ಹರಿಯುವುದಿಲ್ಲ. ಮೇಲೆ ಚೌಕದಲ್ಲಿ ನೋಡಿದ್ದೇ ಇಲ್ಲೂ ನಡೆಯುವುದು: ಎರಡು ಬೇರೆ ನೆಲ, ಒಂದೇ ಅಳತೆ. ತೆಳ್ಳಗಿನ, ಚೆನ್ನಾಗಿ ಕರೆಂಟ್ ಹರಿಸುವ ಪದರ, ಅದಕ್ಕಿಂತ ದಪ್ಪವಾದ, ಸುಮಾರಾಗಿ ಹರಿಸುವ ಪದರ, ಮೇಲಿನಿಂದ ನೋಡಿದರೆ ಎರಡಕ್ಕೂ ಒಂದೇ ಗ್ರಾಫ್ ಬರಬಹುದು.

ಆಳದ ವಿಷಯ ಇನ್ನೂ ಮುಖ್ಯ. ಈ ಜೋಡಣೆಯಲ್ಲಿ ಗೂಟಗಳ ನಡುವಿನ ಅಂತರದ ಸುಮಾರು ಅರ್ಧದಷ್ಟು ಆಳದ ಸುದ್ದಿ ಮಾತ್ರ ಚೆನ್ನಾಗಿ ಬರುತ್ತದೆ. 100 ಮೀಟರ್ ಆಳ, ಅಂದರೆ ಮುನ್ನೂರು ಚಿಲ್ಲರೆ ಅಡಿ ನೋಡಬೇಕು ಅಂದರೆ ಅಂತರ 200 ಮೀಟರ್ ಇರಬೇಕು. ಇಡೀ ಸಾಲು 600 ಮೀಟರ್! ಎರಡು ಎಕರೆ ಜಮೀನಿನವರಿಗೆ ಅಷ್ಟು ಉದ್ದದ ಸಾಲು ಎಲ್ಲಿ ಸಿಗಬೇಕು? ಸಣ್ಣ ಸಾಲು ಎಳೆದು "800 ಅಡಿಗೆ ಎರಡು ಇಂಚು ನೀರು" ಅಂತ ಯಾರಾದರೂ ಹೇಳಿದರೆ ಆ ಮಾತು ಆ ಅಳತೆಯಿಂದ ಬಂದದ್ದಲ್ಲ. ಗಟ್ಟಿ ಕಲ್ಲಿನ ಆಳದಲ್ಲಿ ನೀರಿರುವುದು ಬಿರುಕುಗಳಲ್ಲಿ. ಬೆರಳಗಲದ ಬಿರುಕನ್ನು ಅಷ್ಟು ಮೇಲಿನಿಂದ ಯಾವ ರೆಸಿಸ್ಟಿವಿಟಿ ಮೀಟರ್ರೂ ಕಾಣಲಾರದು.

ಹಾಗಾದರೆ ಮಾಡಿಸಬಾರದಾ? ಮಾಡಿಸಿ. ಶಿಥಿಲ ಪದರ ಎಲ್ಲಿ ದಪ್ಪ ಇದೆ ಅಂತ ಅದು ಚೆನ್ನಾಗಿ ಹೇಳುತ್ತದೆ. ಒಂದೇ ಜಾಗದಲ್ಲಿ ಬೇಡ, ಎರಡು ಮೂರು ಕಡೆ ಮಾಡಿಸಿ, ಸಾಲಿನ ದಿಕ್ಕು ಬದಲಿಸಿ ಇನ್ನೊಮ್ಮೆ ಮಾಡಿಸಿ. ಅಕ್ಕಪಕ್ಕದ ಬೋರ್‌ವೆಲ್‌ಗಳಲ್ಲಿ ಎಷ್ಟು ಅಡಿಗೆ ಏನು ಸಿಕ್ಕಿತು ಅಂತ ಕೇಳಿ ಬರೆದುಕೊಂಡು ಬಂದವರಿಗೆ ಕೊಡಿ. ಆ ಮಾಹಿತಿ ಸೇರಿದಾಗ ತಪ್ಪು ಉತ್ತರಗಳು ಬಿದ್ದುಹೋಗುತ್ತವೆ. ಗ್ರಾಫ್ ಕೊಡದೆ ಬರೀ ಕಲ್ಲು ನೆಟ್ಟು ಹೋಗುವವರಿಗೆ ದುಡ್ಡು ಕೊಡಬೇಡಿ.

ಹಳೇ ಸೇತುವೆ, ಕಟ್ಟಡಕ್ಕೂ ಹೀಗೆ ಸ್ಕ್ಯಾನ್ ಮಾಡಬಹುದಾ?

ಮಾಡುತ್ತಾರೆ. ಕಾಂಕ್ರೀಟಿನ ಒಂದು ಕಡೆಯಿಂದ ಅಲ್ಟ್ರಾಸೌಂಡ್ ಬಿಟ್ಟು ಇನ್ನೊಂದು ಕಡೆ ತಲುಪಲು ಎಷ್ಟು ಹೊತ್ತಾಯಿತು ಅಂತ ನೋಡುತ್ತಾರೆ. 300 ಮಿಲಿಮೀಟರ್ ದಪ್ಪದ ಕಂಬ ದಾಟಲು 75 ಮೈಕ್ರೊಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 4 ಕಿ.ಮೀ. 1992ರ ನಮ್ಮ ಐಎಸ್ (ಭಾರತೀಯ) ಮಾನದಂಡದಲ್ಲಿ 3.5ರಿಂದ 4.5 ಅಂದರೆ ಚೆನ್ನಾಗಿದೆ ಅಂತ ಲೆಕ್ಕ ಇತ್ತು, 3ಕ್ಕಿಂತ ಕೆಳಗೆ ಬಂದರೆ ಅನುಮಾನ; 2018ರಲ್ಲಿ ಆ ಮಾನದಂಡ ಬದಲಾಯಿತು. ಅದೇ ಕಂಬಕ್ಕೆ 110 ಮೈಕ್ರೊಸೆಕೆಂಡ್ ಬಂತು ಅಂದರೆ ಒಳಗೆ ಟೊಳ್ಳು ಅಥವಾ ಬಿರುಕು ಇರಬಹುದು, ಅಲೆ ಸುತ್ತಿ ಬಳಸಿ ಬಂದಿದೆ. ಎಚ್ಚರ ವಹಿಸಬೇಕಾದ ವಿಷಯ ಏನಂದರೆ, ಕಬ್ಬಿಣದ ಸರಳಿನ ಗುಂಟ ಅಲೆ ಇನ್ನೂ ವೇಗವಾಗಿ ಓಡುತ್ತದೆ. ಸರಳು ಎಲ್ಲಿದೆ ಅಂತ ಗುರುತಿಸದೆ ಅಳೆದರೆ ಕೆಟ್ಟ ಕಾಂಕ್ರೀಟ್ ಕೂಡ ಒಳ್ಳೆಯದಾಗಿ ಕಾಣುತ್ತದೆ.

ಅಳತೆ ಬಂದಮೇಲೆ ಎಂಜಿನಿಯರುಗಳು ಸೇತುವೆಯನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಣ್ಣ ತುಂಡು ಮಾಡಿ ಲೋಡ್ ಹಾಕಿ ನೋಡುತ್ತಾರೆ. ಇದಕ್ಕೆ ಫೈನೈಟ್ ಎಲಿಮೆಂಟ್ ಅಂತ ಹೆಸರು. ತುಂಡುಗಳಿಗೆ ಕೊಡುವ ಗಟ್ಟಿತನದ ಸಂಖ್ಯೆ ಡ್ರಾಯಿಂಗ್‌ನಲ್ಲಿದ್ದದ್ದಾ, ಈಗ ಅಳೆದದ್ದಾ ಅಂತ ತಪ್ಪದೆ ಕೇಳಿ.

ಸ್ಯಾಟಲೈಟ್ ನೋಡಿ ನಮ್ಮ ಕಾಫಿ ತೋಟಕ್ಕೆ ರೋಗ ಬಂದಿದೆ ಅಂತ ಹೇಳಬಹುದಾ? ಒಬ್ಬರು ಆ್ಯಪ್ ಮಾರೋಕೆ ಬಂದಿದ್ದರು.

ಬಯಲುಸೀಮೆಯ ಜೋಳ, ರಾಗಿ, ಆಲೂಗಡ್ಡೆಗೆ ಬಹಳ ಮಟ್ಟಿಗೆ ಉಪಯೋಗ ಆಗುತ್ತದೆ. ನೆರಳಿನ ಕಾಫಿಗೆ ಕಷ್ಟ. ಕಾರಣ ಕೇಳಿ.

ಹಸಿರು ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಎಸೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಅದೇ ಎನ್‌ಡಿವಿಐ. ಇನ್‌ಫ್ರಾರೆಡ್ 0.45, ಕೆಂಪು 0.05 ಬಂದರೆ ಉತ್ತರ 0.8, ದಟ್ಟ ಹಸಿರು. 0.30 ಮತ್ತು 0.15 ಬಂದರೆ 0.33, ಬೆಳೆ ಸೊರಗಿದೆ ಅಥವಾ ನಡುವೆ ನೆಲ ಕಾಣುತ್ತಿದೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಅದರ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಹೆಚ್ಚುಕಮ್ಮಿ ಒಂದು ಗುಂಟೆ! ಆರಡಿಗೆ ಆರಡಿ ಅಂತರದಲ್ಲಿ ನೆಟ್ಟ ಅರೇಬಿಕಾ ಆದರೆ ಒಂದು ಗುಂಟೆಯಲ್ಲಿ ಸುಮಾರು 30 ಗಿಡ. ಆ 30 ಗಿಡದ ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು, ಪಕ್ಕದಲ್ಲಿ ಹಲಸು, ಅತ್ತಿ. ಉಪಗ್ರಹಕ್ಕೆ ಕಾಣುವುದು ಅವುಗಳ ತಲೆ. ಎಲೆ ತುಕ್ಕಿನ ಕಿತ್ತಳೆ ಪುಡಿ ಇರುವುದು ಕಾಫಿ ಎಲೆಯ ಅಡಿಯಲ್ಲಿ, ಕಾಂಡಕೊರಕ ಇರುವುದು ಕಾಂಡದ ಒಳಗೆ. ಮೇಲಿನಿಂದ ನೋಡುವ ಕ್ಯಾಮೆರಾಗೆ ಅದು ಕಾಣುತ್ತದೆ ಅಂದರೆ ನಾನು ಒಪ್ಪುವುದಿಲ್ಲ. ಆ್ಯಪ್ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ನೆರಳಿನ ಕೆಳಗಿನ ಗಿಡದಲ್ಲಿ ಇದನ್ನು ಪರೀಕ್ಷೆ ಮಾಡಿದ್ದೀರಾ, ಎಷ್ಟು ಸಲ ತಪ್ಪಾಯಿತು?

ಮಳೆಗಾಲದ ಇನ್ನೊಂದು ತೊಂದರೆ ಮೋಡ. ರೋಗ ಹರಡುವ ತಿಂಗಳುಗಳಲ್ಲೇ ಮಲೆನಾಡಿನ ಮೇಲೆ ಮೋಡ ಮುಚ್ಚಿರುತ್ತದೆ. ಅದಕ್ಕೆ ರೇಡಾರ್ ಬೇಕು. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಉಪಗ್ರಹದಲ್ಲಿ ಎರಡು ರೇಡಾರ್ ಇವೆ. ಅದರಲ್ಲಿ ಒಂದರ ಅಲೆ ಸುಮಾರು 24 ಸೆಂಟಿಮೀಟರ್ ಉದ್ದ, ಮೋಡ ದಾಟುತ್ತದೆ, ಮರದ ತಲೆಯನ್ನೂ ಸ್ವಲ್ಪ ಮಟ್ಟಿಗೆ ದಾಟುತ್ತದೆ. ಶಿರಾಡಿ ಘಾಟಿಯಂಥ ಕಡೆ ಗುಡ್ಡ ನಿಧಾನವಾಗಿ ಜಾರುತ್ತಿದೆಯಾ ಅಂತ ನೋಡೋಕೆ ಇಂಥ ರೇಡಾರ್ ಮೇಲೆ ನನಗೆ ಬಹಳ ಆಸೆಯಿದೆ.

ತುಕ್ಕಿಗೆ ಚಿತ್ರಕ್ಕಿಂತ ಮಾಡೆಲ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಅದರ ಬೀಜಕ ಮೊಳೆಯಲು ಎಲೆಯ ಮೇಲೆ ನೀರು ಗಂಟೆಗಟ್ಟಲೆ ನಿಂತಿರಬೇಕು, ಹವೆ ತಂಪಾಗಿರಬೇಕು. ತೋಟದೊಳಗೆ ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅಂತ ಅಳೆಯುವ ಸಣ್ಣ ಸೆನ್ಸರ್ ಇಟ್ಟರೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು ಅನ್ನುವುದಕ್ಕೆ ಆಕಾಶದ ಚಿತ್ರಕ್ಕಿಂತ ಒಳ್ಳೆಯ ಸುಳಿವು ಸಿಗುತ್ತದೆ. ಬಾಳೆಹೊನ್ನೂರಿನ ಹತ್ತಿರ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಅಲ್ಲಿಗೆ ಹೋಗಿ ಕೇಳಿ, ಆ್ಯಪ್ ಕೊಳ್ಳುವ ಮೊದಲು.

ಹಾಸನದಲ್ಲಿ ಇಸ್ರೋದ ದೊಡ್ಡ ಡಿಶ್‌ಗಳಿವೆಯಲ್ಲ, ಅಲ್ಲಿಂದಲೇ ಈ ಚಿತ್ರ ತೆಗೆಯೋದಾ?

ಚಿತ್ರ ತೆಗೆಯುವುದು ಉಪಗ್ರಹ. ಹಾಸನದ ಎಂಸಿಎಫ್ (ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ) 1982ರಿಂದ ಮಾಡುತ್ತಿರುವ ಕೆಲಸ 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನು ಜಾಗದಲ್ಲಿ ನಿಲ್ಲಿಸಿ ಕಾಯುವುದು. 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಹವಾಮಾನ ಉಪಗ್ರಹವೂ ಆ ಗುಂಪಿನದೇ. ಟಿವಿಯಲ್ಲಿ ರಾತ್ರಿ ಹೊತ್ತು ತೋರಿಸುವ ಮೋಡದ ಚಿತ್ರ ನಿಜವಾಗಿ ಶಾಖದ ಅಳತೆ: ಮೋಡದ ತಲೆ ತಣ್ಣಗಿದ್ದಷ್ಟೂ ಅದು ಎತ್ತರದಲ್ಲಿದೆ ಅಂತ ಲೆಕ್ಕ ಹಾಕಿ ಬಣ್ಣ ಹಚ್ಚಿರುತ್ತಾರೆ.

ಮಳೆ ಮುನ್ಸೂಚನೆ ನಮ್ಮೂರಿಗೆ ಮಾತ್ರ ಯಾಕೆ ತಪ್ಪುತ್ತದೆ?

ನಿಮ್ಮೂರಿಗೆ ಮಾತ್ರ ಅಲ್ಲ. ಆದರೆ ಮಲೆನಾಡಿನ ಅಂಚಿನಲ್ಲಿ ಜಾಸ್ತಿ ತಪ್ಪುವುದು ನಿಜ.

ಹವಾಮಾನದ ಮಾಡೆಲ್ ನೆಲವನ್ನು ಚೌಕಗಳಾಗಿ ಮಾಡಿ, ಒಂದೊಂದು ಚೌಕಕ್ಕೆ ಒಂದು ಉಷ್ಣತೆ, ಒಂದು ಗಾಳಿ, ಒಂದು ಎತ್ತರ ಇಟ್ಟು ಲೆಕ್ಕ ಮಾಡುತ್ತದೆ. ಭಾರತದ ಜಾಗತಿಕ ಮಾಡೆಲ್‌ನ ಚೌಕ ಮೊದಲು 12 ಕಿ.ಮೀ. ಇತ್ತು, 2025ರ ಮೇ ತಿಂಗಳಲ್ಲಿ 6 ಕಿ.ಮೀ.ಗೆ ಇಳಿಯಿತು. ಈಗ ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿಗೆ ನೇರ ಗೆರೆ ಎಳೆಯಿರಿ. ಸುಮಾರು 10 ಕಿ.ಮೀ. ಅಷ್ಟರೊಳಗೆ ನೆಲ 800 ಮೀಟರಿಗೂ ಜಾಸ್ತಿ ಏರಿ 1,930 ಮೀಟರ್ ಮುಟ್ಟುತ್ತದೆ. ಹಳೇ ಚೌಕದಲ್ಲಿ ಪೇಟೆ ಮತ್ತು ಗಿರಿ ಎರಡೂ ಒಂದೇ ಸರಾಸರಿ ಎತ್ತರದಲ್ಲಿ ಕರಗಿಹೋಗಬಹುದಿತ್ತು. ಗಾಳಿ ಗುಡ್ಡ ಹತ್ತುವಾಗಲೇ ಮಳೆ ಸುರಿಯುವ ಊರಿನಲ್ಲಿ ಗುಡ್ಡವನ್ನೇ ಚಪ್ಪಟೆ ಮಾಡಿದರೆ ಮಳೆ ಎಲ್ಲಿಂದ ಬರಬೇಕು? ಒಂದೇ ಜಿಲ್ಲೆಯಲ್ಲಿ ಕಡೂರಿಗೆ ವರ್ಷಕ್ಕೆ ಸುಮಾರು 600 ಮಿ.ಮೀ., ಶೃಂಗೇರಿಗೆ 3,000 ದಾಟಿ. 6 ಕಿ.ಮೀ. ಚೌಕ ಬಂದಿದ್ದು ಒಳ್ಳೆಯದೇ, ಆದರೂ ನಿಮ್ಮ ಎಸ್ಟೇಟ್ ಇರುವ ಒಂದು ಕಣಿವೆ ಅದಕ್ಕಿಂತ ಸಣ್ಣದು.

ಎರಡನೇ ಕಾರಣ ಇನ್ನೂ ಆಳದ್ದು. 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆನ್ಜ್ ಒಂದು ಸಣ್ಣ ಹವಾಮಾನ ಮಾಡೆಲ್ಲನ್ನು ಅರ್ಧದಿಂದ ಮತ್ತೆ ಓಡಿಸಲು 0.506127 ಬದಲು 0.506 ಟೈಪ್ ಮಾಡಿದರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಒಟ್ಟಿಗೆ ಹೋದವು, ಆಮೇಲೆ ಸಂಬಂಧವೇ ಇಲ್ಲದ ಹವಾಮಾನ ಬಂತು. ವಾತಾವರಣದ ಗುಣವೇ ಅದು. ಹಾಗಾಗಿ ಈಗ ಒಂದೇ ಲೆಕ್ಕ ಮಾಡುವುದಿಲ್ಲ, ಶುರುವಿನ ಸಂಖ್ಯೆಗಳನ್ನು ಚೂರು ಚೂರು ಬದಲಿಸಿ ಹಲವು ಸಲ ಓಡಿಸುತ್ತಾರೆ. ನೂರರಲ್ಲಿ ಅರವತ್ತು ಲೆಕ್ಕಗಳಲ್ಲಿ ಮಳೆ ಬಂದರೆ ಸಾಧ್ಯತೆ ಶೇ. 60. ಕಾಫಿ ಒಣಗಲು ಕಣಕ್ಕೆ ಹರವುವ ದಿನ ಶೇ. 60 ಅಂತಿದ್ದರೆ ಟಾರ್ಪಾಲ್ ರೆಡಿ ಇಡಿ. ಮಳೆ ಬಾರದೆ ಹೋದರೂ ಮಾಡೆಲ್ ತಪ್ಪಿತು ಅಂತ ಅಲ್ಲ. ಶೇ. 60 ಅಂದ ಅಷ್ಟೂ ದಿನಗಳನ್ನು ಬರೆದಿಟ್ಟು ಎಷ್ಟರಲ್ಲಿ ಬಂತು ಅಂತ ಎಣಿಸಿದಾಗ ಮಾತ್ರ ತಪ್ಪು ಸರಿ ಗೊತ್ತಾಗುತ್ತದೆ.

ಕೊರೋನಾಗೆ ಹಾಕಿದಂಥ ಮಾಡೆಲ್ ಮಂಗನ ಕಾಯಿಲೆಗೂ ಹಾಕಬಹುದಲ್ಲ?

ಹಾಕಿದರೆ ತಪ್ಪು ಉತ್ತರ ಬರುತ್ತದೆ. ಸಾಂಕ್ರಾಮಿಕದ ಹೆಸರಾಂತ ಮಾಡೆಲ್ 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಬರೆದದ್ದು. ರೋಗ ತಗಲಬಹುದಾದವರು, ತಗಲಿದವರು, ವಾಸಿಯಾದವರು ಅಂತ ಜನರನ್ನು ಮೂರು ಗುಂಪು ಮಾಡಿ, ತಗಲಿದವರಿಂದ ಉಳಿದವರಿಗೆ ಹರಡುತ್ತದೆ ಅಂತ ಲೆಕ್ಕ ಹಾಕುತ್ತಾರೆ. ದಡಾರಕ್ಕೆ ಚೆನ್ನಾಗಿ ಹೊಂದುತ್ತದೆ. ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಹರಡುವ ರೋಗ ಅದು, ಹಾಗಾಗಿ ನೂರಕ್ಕೆ 92ರಿಂದ 94 ಜನರಿಗೆ ರಕ್ಷಣೆ ಇದ್ದರೆ ಮಾತ್ರ ನಿಲ್ಲುತ್ತದೆ ಅಂತ ಅದೇ ಮಾಡೆಲ್ ಹೇಳುತ್ತದೆ.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಇದು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಾಣಿಸುತ್ತದೆ. ಹರಡುವುದು ಕಾಡಿನ ಉಣುಗು. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗು ಅಲ್ಲೇ ಉದುರುತ್ತದೆ, ಆ ಜಾಗ ಅಪಾಯದ್ದಾಗುತ್ತದೆ. ತರಗು ಗುಡಿಸಲು, ಸೌದೆಗೆ, ದನ ಹುಡುಕಲು ಕಾಡಂಚಿಗೆ ಹೋದವರಿಗೆ ಕಚ್ಚುತ್ತದೆ. ಇದರ ಮಾಡೆಲ್‌ನಲ್ಲಿ ಇರಬೇಕಾದದ್ದು ಕಾಡಿನ ಅಂಚು ಎಲ್ಲಿದೆ, ಮಂಗ ಎಲ್ಲಿ ಸತ್ತಿದೆ, ಮರಿ ಉಣುಗು ಯಾವ ತಿಂಗಳಲ್ಲಿ ಜಾಸ್ತಿ, ಜನ ಯಾವ ಕೆಲಸಕ್ಕೆ ಯಾವಾಗ ಕಾಡಿಗೆ ಹೋಗುತ್ತಾರೆ ಅನ್ನುವುದು. ಲಾಕ್‌ಡೌನ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ, ಮಾಡೆಲ್ಲಿಗೆ ಅದಕ್ಕಿಂತ ಬೆಲೆಬಾಳುವ ಅಳತೆ ಇಲ್ಲ.

ಕಪ್ಪು ಕುಳಿಯ ಫೋಟೋ ಬಂತಲ್ಲ, ಅದೂ ಲೆಕ್ಕ ಹಾಕಿದ್ದೇನಾ?

ಹೌದು. 2019ರ ಏಪ್ರಿಲ್ 10ರಂದು ಬಿಡುಗಡೆಯಾದ, ಎಂ87 ಅನ್ನುವ ಗ್ಯಾಲಕ್ಸಿಯ ಕಪ್ಪು ಕುಳಿಯ ಚಿತ್ರ ಬೇರೆ ಬೇರೆ ಕಡೆಯ ರೇಡಿಯೊ ದೂರದರ್ಶಕಗಳ ಅಳತೆಯಿಂದ ಕಟ್ಟಿದ್ದು. 5.5 ಕೋಟಿ ಜ್ಯೋತಿರ್ವರ್ಷ ದೂರ. ಭೂಮಿಯಷ್ಟು ಅಗಲದ ಡಿಶ್ ಬೇಕಿತ್ತು, ಅದರಲ್ಲಿ ಕೆಲವೇ ಚುಕ್ಕೆ ಮಾತ್ರ ಇದ್ದವು. ಅಂದರೆ ಬಹುಪಾಲು ಅಳತೆ ಇಲ್ಲವೇ ಇಲ್ಲ, ಹೊಂದುವ ಚಿತ್ರಗಳು ಲೆಕ್ಕವಿಲ್ಲದಷ್ಟು. ಆ ತಂಡದವರು ಮಾಡಿದ ಕೆಲಸ ನನಗೆ ಬಹಳ ಇಷ್ಟ: ನಾಲ್ಕು ಗುಂಪಾಗಿ ಬೇರೆಯಾಗಿ, ಒಬ್ಬರಿಗೊಬ್ಬರು ಮಾತಾಡದೆ, ಬೇರೆ ಬೇರೆ ವಿಧಾನದಲ್ಲಿ ಚಿತ್ರ ಕಟ್ಟಿದರು. ನಾಲ್ಕರಲ್ಲೂ ಉಂಗುರ ಬಂತು. ಆಗ ಮಾತ್ರ ನಂಬಿದರು.

ಇಲ್ಲೂ ನಮ್ಮವರೊಬ್ಬರನ್ನು ನೆನೆಯಬೇಕು. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ 1970ರಲ್ಲೇ, ಕಪ್ಪು ಕುಳಿಯನ್ನು ತಟ್ಟಿದರೆ ಅದು ಹೇಗೆ ಮೊಳಗಿ ಹೇಗೆ ಅಡಗುತ್ತದೆ ಅಂತ ಬರೀ ಲೆಕ್ಕದಿಂದ ತೋರಿಸಿದ್ದರು. 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆ ಮೊದಲ ಸಲ ಸಿಕ್ಕಿದಾಗ ಅದರ ಕೊನೆಯ ತುಣುಕು ಆ ಲೆಕ್ಕ ಹೇಳಿದ ಹಾಗೇ ಅಡಗಿತ್ತು. ಮಾಡೆಲ್ ಮೊದಲು, ಅಳತೆ 45 ವರ್ಷ ಆಮೇಲೆ. ಬೆಂಗಳೂರಿನ ನೆಹರು ತಾರಾಲಯದ ಮೊದಲ ನಿರ್ದೇಶಕರೂ ಅವರೇ.

ಈಗ ಎಐ ಬಂದಿದೆ. ಮಾಡೆಲ್, ಗಣಿತ ಎಲ್ಲ ಇನ್ನು ಯಾಕೆ?

ಎಐಗೆ ಕಲಿಸಲು ಅಳತೆ ಬೇಕು. ಪ್ರೋಟೀನ್ ಆಕಾರ ಹೇಳುವ ಆಲ್ಫಾಫೋಲ್ಡ್ ಎಂಬ ಎಐ ಕಟ್ಟಿದವರಿಗೆ 2024ರಲ್ಲಿ ನೊಬೆಲ್ ಬಂತು, ಆ ಎಐ ಕಲಿತದ್ದು 1971ರಿಂದ ವಿಜ್ಞಾನಿಗಳು ಒಂದೊಂದಾಗಿ ಅಳೆದು ಒಂದು ಕಡೆ ಕೂಡಿಟ್ಟ ಆಕಾರಗಳಿಂದ. ಆ ಆಕಾರ ಸರಿಯಿದೆಯಾ ಅಂತ ಈಗಲೂ ಪರೀಕ್ಷಿಸುವುದು 1963ರ ರಾಮಚಂದ್ರನ್ ನಕ್ಷೆಯಿಂದ, ಮೇಲೆ ಹೇಳಿದ ಅದೇ ರಾಮಚಂದ್ರನ್.

ಚಿತ್ರದ ವಿಷಯದಲ್ಲಿ ಒಂದು ಎಚ್ಚರ ಬೇಕು. ಸ್ಕ್ಯಾನ್ ಬೇಗ ಮುಗಿಸಲು ಅಳತೆ ಕಡಿಮೆ ಮಾಡಿ, ಉಳಿದದ್ದನ್ನು ಎಐ ತುಂಬುವ ಯಂತ್ರಗಳು ಬಂದಿವೆ. ಚಿತ್ರ ಬಹಳ ಚೊಕ್ಕವಾಗಿ ಬರುತ್ತದೆ. ಚೊಕ್ಕ ಇದೆ ಅಂದಮಾತ್ರಕ್ಕೆ ನಿಜ ಅಲ್ಲ. ಹಿಂದೆ ಸಾವಿರ ತಲೆಗಳಲ್ಲಿ ಕಂಡದ್ದನ್ನು ಎಐ ಈ ತಲೆಯಲ್ಲೂ ಬರೆದುಬಿಡಬಹುದು, ಅಪರೂಪದ ಗಡ್ಡೆಯನ್ನು ಒರೆಸಿಬಿಡಬಹುದು. ಲೋಹದ ಗೆರೆ ಬಂದರೆ ತಪ್ಪು ಅಂತ ಕಣ್ಣಿಗೇ ಕಾಣುತ್ತದೆ. ಇದು ಕಾಣುವುದಿಲ್ಲ, ಅಪಾಯ ಇರುವುದು ಅಲ್ಲೇ.

ಮಗಳು ಪಿಯುಸಿ ಓದುತ್ತಿದ್ದಾಳೆ, ಈ ವಿಷಯದಲ್ಲಿ ಮುಂದೆ ಹೋಗಬೇಕಂತೆ. ಎಂಜಿನಿಯರಿಂಗಾ, ಫಿಸಿಕ್ಸಾ, ಬಯಾಲಜಿಯಾ?

ಮೂರರಲ್ಲಿ ಯಾವುದರಿಂದ ಬೇಕಾದರೂ ಬರಬಹುದು, ಗಣಿತ ಬಿಡಬಾರದು ಅಷ್ಟೇ. ಮ್ಯಾಟ್ರಿಕ್ಸ್, ಡಿಫರೆನ್ಶಿಯಲ್ ಸಮೀಕರಣ, ಪ್ರಾಬಬಿಲಿಟಿ, ಈ ಮೂರು ಗಟ್ಟಿಯಾಗಲಿ. ಪೈಥಾನ್ ಕಲಿಯಲಿ. ಮುಂದೆ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್ (ಜೀವವಿಜ್ಞಾನದ ಸಂಶೋಧನಾ ಕೇಂದ್ರ), ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನದ ಕೇಂದ್ರ) ಇವೆ.

ಮೊದಲ ಪ್ರಾಜೆಕ್ಟ್ ಬೇಕಾದರೆ ನಾಲ್ಕು ಮನೆಯ ಚೌಕವನ್ನು ಹತ್ತು ಸಾಲು, ಹತ್ತು ಕಂಬಕ್ಕೆ ಬೆಳೆಸಿ, ಒಳಗೆ ಒಂದು ಕಪ್ಪು ಚುಕ್ಕೆ ಅಡಗಿಸಿ, ಮೊತ್ತಗಳಿಂದ ಅದನ್ನು ಹುಡುಕುವ ಪ್ರೋಗ್ರಾಂ ಬರೆಯಲಿ. ಆಮೇಲೆ ಮೊತ್ತಗಳಿಗೆ ಬೇಕಂತಲೇ ಸ್ವಲ್ಪ ತಪ್ಪು ಸೇರಿಸಿ ಚುಕ್ಕೆ ಯಾವಾಗ ಕಳೆದುಹೋಗುತ್ತದೆ ಅಂತ ನೋಡಲಿ. ಎರಡನೆಯದು: ಮನೆ ಅಂಗಳದಲ್ಲಿ ಮಳೆಮಾಪಕ ಇಟ್ಟು ಒಂದು ಮಳೆಗಾಲ ಪೂರ್ತಿ ಬರೆದು, ಹವಾಮಾನ ಇಲಾಖೆಯ ಮುನ್ಸೂಚನೆ ಜೊತೆ ಹೋಲಿಸಲಿ. ತೋಟದ ಮನೆಗಳಲ್ಲಿ ಅಜ್ಜ ಬರೆದಿಟ್ಟ ಮಳೆ ಪುಸ್ತಕ ಇದ್ದರೆ ಅದನ್ನು ಮೊದಲು ಕಂಪ್ಯೂಟರಿಗೆ ಹಾಕಿಸಿ. ದಶಕಗಟ್ಟಲೆ ಒಂದೇ ಜಾಗದ ಅಳತೆ ಸಿಗುವುದು ಅಪರೂಪ, ಗೆದ್ದಲು ತಿಂದರೆ ಮತ್ತೆ ಬರುವುದಿಲ್ಲ.

ಇದಕ್ಕೆಲ್ಲ ದೊಡ್ಡ ಲ್ಯಾಪ್‌ಟಾಪ್ ಬೇಕಾ?

ಬೇಡ. 8 ಜಿಬಿ ರ್‍ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು, ಹಳೇದಾದರೂ ಪರವಾಗಿಲ್ಲ. ಸಾಫ್ಟ್‌ವೇರ್ ಎಲ್ಲ ಪುಕ್ಕಟೆ. ದುಡ್ಡು ಉಳಿದರೆ ಒಂದು ಒಳ್ಳೆಯ ಮಳೆಮಾಪಕ ಕೊಡಿಸಿ.